ಔಷಧವನ್ನು ನಡುವೆ ಬಿಡುವವನ ತಪ್ಪು ಯಾರದು?

ವೈದ್ಯನು ರೋಗವನ್ನು ಸರಿಯಾಗಿ ಕಂಡುಹಿಡಿದು ತಕ್ಕ ಔಷಧವನ್ನು ಕೊಟ್ಟ ಮೇಲೆ ರೋಗಿಯು ಅದನ್ನು ತಕ್ಕೊಳ್ಳದೆ ಹೋದರೆ, ಇಲ್ಲವೆ ಕೆಲವು ದಿನ ತಕ್ಕೊಂಡು ನಡುವೆ ಬಿಟ್ಟುಬಿಟ್ಟರೆ, ಆ ತಪ್ಪು ಯಾರ ಮೇಲೆ ಬರತಕ್ಕದ್ದು? ಈ ಪ್ರಶ್ನೆಯು ಮೊದಲ ನೋಟಕ್ಕೆ ಬಹು ಸುಲಭವಾಗಿ ಕಾಣುವದು. ವೈದ್ಯನು ತನ್ನ ಕೆಲಸವನ್ನು ಮಾಡಿದನು, ರೋಗಿಯು ತನ್ನದನ್ನು ಮಾಡಲಿಲ್ಲ, ಇನ್ನೇನು ವಿಚಾರ? ದವಾಖಾನೆಯ ಪಡಸಾಲೆಯಲ್ಲಿ ಅನೇಕರು ಹೀಗೆಯೇ ಮಾತಾಡುವದನ್ನು ನಾವು ಕೇಳಿದ್ದೇವೆ. ನಮ್ಮ ಸಭೆಯ ಹಿರಿಯರೂ ಹೀಗೆಯೇ ಮಾತಾಡುತ್ತಾರೆ. ಆದರೆ ಹಳ್ಳಿಯಲ್ಲಿ ಮನೆಮನೆಗೆ ಹೋಗಿ ರೋಗಿಗಳ ಚಾಪೆಯ ಪಕ್ಕದಲ್ಲಿ ಕೂತುಕೊಳ್ಳುವವರಿಗೆ ಈ ಉತ್ತರವು ಸಾಲದೆಂಬದು ಬೇಗನೆ ತಿಳಿದುಬರುವದು. ಆದದರಿಂದ ಪ್ರಿಯ ವಾಚಕರು ಸ್ವಲ್ಪ ತಾಳ್ಮೆಯಿಂದ ನಮ್ಮ ಸಂಗಡ ಈ ವಿಷಯವನ್ನು ಆಲೋಚಿಸಬೇಕೆಂದು ಕೇಳಿಕೊಳ್ಳುತ್ತೇವೆ.

ಮಾತು ಗಾಳಿಯಲ್ಲಿ ಹೋಗದ ಹಾಗೆ ಒಂದೇ ರೋಗವನ್ನು ಮುಂದಿಟ್ಟುಕೊಳ್ಳೋಣ. ಅದು ಕ್ಷಯರೋಗ. ನಮ್ಮ ಅಜ್ಜಂದಿರ ಕಾಲದಲ್ಲಿ ಈ ರೋಗಕ್ಕೆ ಔಷಧವೇ ಇದ್ದಿಲ್ಲ. 1882ರಲ್ಲಿ ರಾಬರ್ಟ್ ಕೋಖ್ ಎಂಬ ಜರ್ಮನ್ ಪಂಡಿತನು ಇದರ ಸೂಕ್ಷ್ಮ ಜಂತುವನ್ನು ಕಂಡುಹಿಡಿದದ್ದನ್ನು ಬರ್ಲಿನ್ ಪಟ್ಟಣದಲ್ಲಿ ತಿಳಿಸಿದನು. ಆದರೆ ಜಂತುವು ಕಂಡಮಾತ್ರಕ್ಕೆ ಸಾಯಲಿಲ್ಲ. ಒಳ್ಳೇ ಗಾಳಿ, ಒಳ್ಳೇ ಊಟ, ವಿಶ್ರಾಂತಿ, ಇವುಗಳ ಹೊರತು ವೈದ್ಯರ ಕೈಯಲ್ಲಿ ಹೆಚ್ಚೇನೂ ಇರಲಿಲ್ಲ. ಅದಕ್ಕಾಗಿಯೇ ಅನೇಕ ಮಿಶನ್‌ಗಳು ಕೂಡಿ ಮದನಪಲ್ಲಿಯ ಹತ್ತಿರ ಆರೋಗ್ಯವರಮ್ ಎಂಬ ಕ್ಷಯರೋಗಿಗಳ ಆಸ್ಪತ್ರೆಯನ್ನು 1915ರಲ್ಲಿ ತೆರೆದರು. 1943ರಲ್ಲಿ ಅಮೇರಿಕದಲ್ಲಿ ಸ್ಟ್ರೆಪ್ಟೊಮೈಸಿನ್ ಎಂಬ ಮದ್ದು ದೊರೆತ ತರುವಾಯವೇ ಕಾಲವು ತಿರುಗಿತು. ಒಂದರ ಹಿಂದೆ ಒಂದು ಔಷಧವು ಬಂದಿತು.

ಆಗ ಒಂದು ದೊಡ್ಡ ಪ್ರಶ್ನೆ ಎದ್ದಿತು. ಈ ದೇಶದ ಲಕ್ಷಾಂತರ ರೋಗಿಗಳನ್ನು ಯಾವ ಆಸ್ಪತ್ರೆಯ ಮಂಚಗಳ ಮೇಲೆ ಮಲಗಿಸುವದು? 1956ರಲ್ಲಿ ಮದ್ರಾಸಿನಲ್ಲಿ ಇದನ್ನು ಶೋಧಿಸುವದಕ್ಕೋಸ್ಕರ ಒಂದು ಕೇಂದ್ರವು ಸ್ಥಾಪನೆಯಾಯಿತು. ಕೆಲವು ರೋಗಿಗಳನ್ನು ಆಸ್ಪತ್ರೆಯಲ್ಲಿಯೂ ಕೆಲವರನ್ನು ಅವರವರ ಗುಡಿಸಲುಗಳಲ್ಲಿಯೂ ಇರಿಸಿ ಒಂದೇ ಔಷಧವನ್ನು ಒಂದು ವರುಷ ಕೊಟ್ಟು ನೋಡಿದರು. ಆಸ್ಪತ್ರೆಯವರಿಗೆ ಊಟವೂ ಆರೈಕೆಯೂ ಮೇಲಾಗಿದ್ದವು. ಮನೆಯವರು ಇಕ್ಕಟ್ಟಿನಲ್ಲಿ, ಬಡತನದಲ್ಲಿ ಇದ್ದರು. ಹಾಗಿದ್ದರೂ ಮನೆಯಲ್ಲಿದ್ದವರು ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣಹೊಂದಿದರು, ಅವರ ಮನೆಯವರಿಗೂ ಇದರಿಂದ ಹೆಚ್ಚಿನ ಅಪಾಯವು ಬರಲಿಲ್ಲ ಎಂಬದಾಗಿ 1959ರಲ್ಲಿ ಪ್ರಕಟಿಸಿದರು. ಲೋಕದ ವೈದ್ಯರೆಲ್ಲರೂ ಈ ಸುದ್ದಿಯನ್ನು ಕೇಳಿ ಆಶ್ಚರ್ಯಪಟ್ಟು ತಮ್ಮ ಪದ್ಧತಿಯನ್ನು ಮೆಲ್ಲಮೆಲ್ಲಗೆ ಬದಲಾಯಿಸಿದರು.

ಈ ದಿವಸದಿಂದಲೇ ನಮ್ಮ ಪ್ರಶ್ನೆಯು ಹುಟ್ಟಿತೆಂದು ಹೇಳಬಹುದು. ಯಾಕಂದರೆ ಆಸ್ಪತ್ರೆಯಲ್ಲಿ ದಾದಿಯು ಹೊತ್ತುಹೊತ್ತಿಗೆ ಬಂದು ಗುಳಿಗೆಯನ್ನು ನುಂಗಿಸುವಳು; ಗುಡಿಸಲಿನಲ್ಲಿ ನುಂಗಿಸುವವರಾರು? ಔಷಧದ ಭಾರವೆಲ್ಲಾ ವೈದ್ಯನ ಹೆಗಲಿನಿಂದ ಇಳಿದು ರೋಗಿಯ ಹೆಗಲಿನ ಮೇಲೆ ಬಂದಿತು. ಆ ರೋಗಿಯೋ, ಮೈಯಲ್ಲಿ ಬಲವಿಲ್ಲದವನು, ಕೂಲಿ ತಪ್ಪಿದವನು, ನೆರೆಯವರಿಗೆ ಅಂಜುವವನು.

ಈ ಔಷಧದ ಸ್ವಭಾವವೂ ಮನುಷ್ಯನ ಸ್ವಭಾವಕ್ಕೆ ಹೊಂದತಕ್ಕದ್ದಲ್ಲ. ಸಾಧಾರಣ ಕ್ಷಯಕ್ಕೆ ಆರು ತಿಂಗಳು ತಪ್ಪದೆ ಮಾತ್ರೆಗಳನ್ನು ತಕ್ಕೊಳ್ಳಬೇಕು. ಮೊದಲಿನ ಎರಡು ತಿಂಗಳು ನಾಲ್ಕು ಬಗೆ, ಆಮೇಲಿನ ನಾಲ್ಕು ತಿಂಗಳು ಮೂರು ಬಗೆ. ಆದರೆ ಜ್ವರವೂ ಕೆಮ್ಮೂ ಆರು ತಿಂಗಳು ಇರುವದಿಲ್ಲ. ಕೆಲವು ವಾರಗಳಲ್ಲಿಯೇ ಹಸಿವೆಯು ಹುಟ್ಟುವದು, ಮೈ ಹಗುರಾಗುವದು, ಎರಡು ತಿಂಗಳು ತುಂಬುವದರೊಳಗೆ ಅನೇಕರು ಹೊಲಕ್ಕೆ ಹೋಗತಕ್ಕವರಾಗುವರು. ನೋವಿದ್ದಾಗ ಔಷಧವನ್ನು ನೆನಸುವದು ಸುಲಭ; ನೋವು ಹೋದ ಮೇಲೆ ಇನ್ನೂ ನಾಲ್ಕು ತಿಂಗಳು, ದಿನಾಲು, ಕಾಣದ ಶತ್ರುವಿಗಾಗಿ ನುಂಗುವದು ಕಷ್ಟ. ನಡುವೆ ಬಿಟ್ಟರೆ ಅಡಗಿಕೊಂಡಿದ್ದ ಜಂತುಗಳು ತಿರಿಗಿ ಏಳುವವು. ಕೆಲವು ವೇಳೆ ಮೊದಲಿನ ಮದ್ದಿಗೆ ಬಗ್ಗದವುಗಳಾಗಿ ಏಳುವವು. ಆಗ ಇನ್ನೂ ಕಠಿಣವಾದ ಔಷಧವು ಬೇಕಾಗುವದು. ಅವನ ಕೆಮ್ಮಿನಿಂದ ಸೋಂಕಿದವರಿಗೂ ಆ ಕಠಿಣ ರೋಗವೇ ಹತ್ತುವದು. ಹೀಗಿರಲಾಗಿ ಇದು ಒಬ್ಬನ ಮೈಯ ವಿಚಾರ ಮಾತ್ರವಲ್ಲ, ಅವನ ಮಕ್ಕಳ ಮತ್ತು ನೆರೆಯವರ ವಿಚಾರವೂ ಆಗಿದೆ. ಆದಕಾರಣ ಇದನ್ನು ನೀತಿಯ ಪ್ರಶ್ನೆಯೆಂದು ಕರೆಯುತ್ತೇವೆ.

ಹಾಗಾದರೆ ಬಿಡುವವರು ಯಾಕೆ ಬಿಡುತ್ತಾರೆ? ಓದುಬರಹ ಬಾರದ ಹಳ್ಳಿಯವರ ಮೂಢತನದಿಂದ ಎಂದು ಹೇಳುವವರಿಗೆ ಎರಡು ಸಂಗತಿಗಳನ್ನು ತೋರಿಸಬೇಕಾಗಿದೆ. ಲೋಕದ ಆರೋಗ್ಯ ಸಂಸ್ಥೆಯವರು 2003ರಲ್ಲಿ ಒಂದು ವರದಿಯನ್ನು ಪ್ರಕಟಿಸಿ, ಐಶ್ವರ್ಯವುಳ್ಳ ದೇಶಗಳಲ್ಲಿಯೂ ಬಹುಕಾಲದ ರೋಗಗಳುಳ್ಳವರಲ್ಲಿ ಸುಮಾರು ಅರ್ಧದಷ್ಟು ಜನರು ಮಾತ್ರ ಹೇಳಿದ ಪ್ರಕಾರ ಔಷಧವನ್ನು ತಕ್ಕೊಳ್ಳುತ್ತಾರೆಂದು ತಿಳಿಸಿದರು. ಆ ದೇಶಗಳಲ್ಲಿ ಶಾಲೆಗಳಿಲ್ಲವೋ? ನಮ್ಮಲ್ಲಿಯೂ ಸಿಹಿಮೂತ್ರ ರೋಗಕ್ಕೆ ಕೊಟ್ಟ ಮಾತ್ರೆಯನ್ನು ಹಬ್ಬದ ದಿನ ಮರೆತು ಹೋಳಿಗೆಯನ್ನು ಮಾತ್ರ ಮರೆಯದ ಬಿ.ಎ. ಪದವೀಧರರು ಎಷ್ಟು ಮಂದಿ ಇಲ್ಲ? (ಉಪದೇಶಿಗಳ ಹೆಸರುಗಳನ್ನು ಇಲ್ಲಿ ಬರೆಯುವದಿಲ್ಲ.) ಬಿಡುವದು ಮನುಷ್ಯರೆಲ್ಲರ ಬಲಹೀನತೆ, ಹಳ್ಳಿಯವರದು ಮಾತ್ರವಲ್ಲ.

ಎರಡನೆಯ ಸಂಗತಿಯು ನಮ್ಮ ದೇಶದ್ದೇ. 1959ರಲ್ಲಿ ಬೆಂಗಳೂರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪಿಸಲ್ಪಟ್ಟಿತು. ಅಲ್ಲಿಯ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ಇಬ್ಬರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಅವರ ಮನೆಗಳಲ್ಲಿಯೇ ಕಂಡು ವಿಚಾರಿಸಿ 1963ರಲ್ಲಿ ತಮ್ಮ ಶೋಧನೆಯನ್ನು ಪ್ರಕಟಿಸಿದರು. ಹಳ್ಳಿಯವರಿಗೆ ತಮ್ಮ ರೋಗದ ಎಚ್ಚರವೇ ಇಲ್ಲವೆಂದು ಆ ವರೆಗೆ ಎಲ್ಲರೂ ನೆನಸಿದ್ದರು. ಕಂಡುಬಂದದ್ದೇನಂದರೆ, ಬಹುತೇಕ ರೋಗಿಗಳು ತಮ್ಮ ಕೆಮ್ಮನ್ನೂ ಜ್ವರವನ್ನೂ ಬಲ್ಲವರಾಗಿದ್ದರು, ಅದರ ವಿಷಯ ಚಿಂತೆಪಡುತ್ತಿದ್ದರು, ಅರ್ಧದಷ್ಟು ಜನರು ಆಗಲೇ ದವಾಖಾನೆಗೆ ಹೋಗಿಯೂ ಬಂದಿದ್ದರು. ಅವರಿಗೆ ದೊರೆತದ್ದು ಕೆಮ್ಮಿನ ನೀರಿನ ಒಂದು ಸೀಸೆ. ಕಫವನ್ನು ಪರೀಕ್ಷಿಸಿದವರಿಲ್ಲ. ರೋಗಿಯು ವೈದ್ಯನ ಬಳಿಗೆ ಬಂದಿದ್ದನು. ವೈದ್ಯನು ರೋಗಿಯ ಬಳಿಗೆ ಬರಲಿಲ್ಲ. ಇದನ್ನು ಓದಿದ ಮೇಲೆ ನಾವು ನಮ್ಮ ಜನರನ್ನು ಮೂಢರೆಂದು ಕರೆಯಲಾರೆವು.

ಸತ್ಯವೇದದಲ್ಲಿ ಈ ವಿಷಯಕ್ಕೆ ಅರಸುಗಳ ಎರಡನೆಯ ಪುಸ್ತಕದ 5ನೇ ಅಧ್ಯಾಯಕ್ಕಿಂತ ತಕ್ಕ ಪಾಠವನ್ನು ನಾವು ಕಾಣೆವು. ಅರಾಮ್ಯರ ಸೇನಾಪತಿಯಾದ ನಾಮಾನನು ಕುಷ್ಠರೋಗಿಯಾಗಿದ್ದನು. ಮಹಾ ಪರಾಕ್ರಮಿ; ಬೆಳ್ಳಿಬಂಗಾರ, ಬಟ್ಟೆಗಳು, ಕುದುರೆ ರಥಗಳೊಂದಿಗೆ ಬಂದು ಎಲೀಷನ ಮನೆಯ ಬಾಗಲಲ್ಲಿ ನಿಂತನು. ಪ್ರವಾದಿಯು ಹೊರಗೆ ಬಾರದೆ ಒಬ್ಬ ದೂತನ ಮುಖಾಂತರ ಯೊರ್ದನಿನಲ್ಲಿ ಏಳು ಸಾರಿ ಸ್ನಾನಮಾಡೆಂದು ಹೇಳಿ ಕಳುಹಿಸಿದನು. ಆ ಚಿಕಿತ್ಸೆಯು ಸರಿಯಾದದ್ದು; ದೇವರಿಂದಲೇ ಬಂದದ್ದು. ಆದರೂ ನಾಮಾನನು ಸಿಟ್ಟುಗೊಂಡು ಹಿಂದಿರುಗಿದನು. ಅವನ ಸಿಟ್ಟಿನ ಕಾರಣಗಳನ್ನು ನೋಡಿರಿ. ಪ್ರವಾದಿಯು ಎದುರಿಗೆ ಬಂದು ಮಾತಾಡಲಿಲ್ಲ, ಕೈಯಾಡಿಸಲಿಲ್ಲ, ಕೊಟ್ಟ ಚಿಕಿತ್ಸೆಯು ಬಹು ಅಲ್ಪವಾಗಿ ಕಂಡಿತು, ತನ್ನ ಊರಿನ ಅಬಾನಾ ಫರ್ಪರ ನದಿಗಳು ಇದಕ್ಕಿಂತ ಮೇಲಲ್ಲವೇ ಎಂಬ ಅಭಿಮಾನವೂ ಕೆರಳಿತು. ಇಂದಿನ ದವಾಖಾನೆಗಳಿಂದ ಸಿಟ್ಟಿನಿಂದ ಹೊರಟುಹೋಗುವವರು ಹೇಳುವ ಮಾತುಗಳೂ ಇವೇ ಅಲ್ಲವೋ? ಡಾಕ್ಟರರು ಮುಖವನ್ನು ಎತ್ತಿ ನೋಡಲಿಲ್ಲ, ಮೈಯನ್ನು ಮುಟ್ಟಲಿಲ್ಲ, ಸೂಜಿಮದ್ದನ್ನು ಹಾಕದೆ ಬರೇ ಗುಳಿಗೆಗಳನ್ನು ಕೊಟ್ಟರು, ನಮ್ಮೂರಿನ ನಾಟಿ ಮದ್ದು ಇದಕ್ಕಿಂತ ಕಡಿಮೆಯೋ ಎಂದು ಹೇಳುವರು.

ಪ್ರವಾದಿಯ ಮೇಲೆ ನಾವು ದೋಷವನ್ನು ಹೊರಿಸುವದಿಲ್ಲ. ಆ ಗರ್ವಿಷ್ಠನನ್ನು ತಗ್ಗಿಸುವದು ದೇವರ ಚಿತ್ತವಾಗಿತ್ತು. ಆದರೆ ಪ್ರತಿಯೊಬ್ಬ ವೈದ್ಯನು ಎಲೀಷನಲ್ಲವೆಂಬದನ್ನೂ ನೆನಸಬೇಕು. ಆ ದಿವಸ ನಾಮಾನನು ಹಾಗೆಯೇ ದಮಸ್ಕಕ್ಕೆ ಹೋಗಿಬಿಟ್ಟಿದ್ದರೆ ಸರಿಯಾದ ಚಿಕಿತ್ಸೆಯೂ ಅವನಿಗೆ ವ್ಯರ್ಥವಾಗುತ್ತಿತ್ತು. ಅವನನ್ನು ತಿರುಗಿಸಿದವರು ಯಾರು? ಅವನ ಸೇವಕರು. ಅವರು ಮೊದಲು ಹತ್ತಿರಕ್ಕೆ ಬಂದರು. ದೂರದಿಂದ ಕೂಗಿ ಹೇಳಲಿಲ್ಲ. ತಂದೆಯೇ ಎಂದು ಗೌರವದಿಂದ ಕರೆದರು. ಸಿಟ್ಟಿಗೆ ಸಿಟ್ಟನ್ನು ಕೊಡಲಿಲ್ಲ, ನೀನು ಹಟಮಾರಿ ಎಂದು ಹೇಳಲಿಲ್ಲ. ಒಂದು ಪ್ರಶ್ನೆಯನ್ನು ಕೇಳಿದರು: ಕಷ್ಟವಾದ ಕೆಲಸವನ್ನು ಹೇಳಿದ್ದರೆ ನೀನು ಮಾಡುತ್ತಿದ್ದಿಯಲ್ಲವೇ, ಹಾಗಾದರೆ ಈ ಸುಲಭವಾದದ್ದನ್ನು ಯಾಕೆ ಮಾಡಬಾರದು? ಉತ್ತರವನ್ನು ಅವನ ಬಾಯಿಗೇ ಬಿಟ್ಟರು. ಅವನ ಶೂರತನವನ್ನು ಹಳಿಯದೆ ಆ ಶೂರತನವನ್ನೇ ಒಳ್ಳೇ ದಾರಿಗೆ ತಿರುಗಿಸಿದರು. ಇಂದು ಪಾಶ್ಚಾತ್ಯ ದೇಶಗಳ ವೈದ್ಯಶಾಲೆಗಳಲ್ಲಿ ರೋಗಿಗೆ ಬುದ್ಧಿ ಹೇಳುವದಕ್ಕಿಂತ ಪ್ರಶ್ನೆ ಕೇಳಿ ಅವನ ಸ್ವಂತ ಕಾರಣಗಳನ್ನು ಅವನ ಬಾಯಿಂದಲೇ ಹೊರಡಿಸುವದು ಮೇಲೆಂದು ಕಲಿಸುತ್ತಾರೆ. ಹೆಸರಿಲ್ಲದ ಆ ಅರಾಮ್ಯ ಸೇವಕರು ಇದನ್ನು ಯಾವ ಶಾಲೆಯಲ್ಲಿ ಕಲಿತರೋ!

ಇನ್ನೊಂದನ್ನು ಗಮನಿಸಿರಿ. ನಾಮಾನನು ಏಳು ಸಾರಿ ಮುಳುಗಿದನು. ಮೂರನೆಯ ಸಾರಿಗೆ ಸ್ವಲ್ಪ, ಐದನೆಯ ಸಾರಿಗೆ ಇನ್ನಷ್ಟು ಗುಣವಾಯಿತೆಂದು ವೇದವು ಹೇಳುವದಿಲ್ಲ. ಆರನೆಯ ಸಾರಿ ಎದ್ದು ಬಂದು ಮೈಯನ್ನು ನೋಡಿಕೊಂಡಾಗ ಅವನ ಮನಸ್ಸು ಹೇಗಿದ್ದಿರಬಹುದು? ದಡದಲ್ಲಿ ನಿಂತಿದ್ದ ಆ ಸೇವಕರ ಮುಖವನ್ನು ಅವನು ನೋಡಿದ್ದನೆಂದು ನಾವು ಊಹಿಸುತ್ತೇವೆ. ಆರು ತಿಂಗಳಿನ ಔಷಧಕ್ಕೂ ದಡದಲ್ಲಿ ನಿಲ್ಲುವವರು ಬೇಕು.

ಈಗ ವೈದ್ಯರೂ ದಾದಿಯರೂ ಆಶಾ ಕಾರ್ಯಕರ್ತೆಯರೂ ಏನು ಮಾಡಿದರೆ ರೋಗಿಯು ನಿಲ್ಲುವನು ಎಂಬದನ್ನು ವಿಚಾರಿಸೋಣ. ನಮ್ಮ ಸಭೆಗಳ ಹೆಣ್ಣುಮಕ್ಕಳಲ್ಲಿ ದಾದಿಯರಾಗಿರುವವರು ಅನೇಕರು. ಅವರು ಇದನ್ನು ತಮಗೇ ಬರೆದದ್ದೆಂದು ಓದಲಿ.

ಮೊದಲು, ಮುಂದೆ ಬರುವದನ್ನು ಮುಂದಾಗಿಯೇ ಹೇಳಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಎಂಬ ಔಷಧವು ಮೂತ್ರವನ್ನು ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗಿಸುವದು. ಇದರಿಂದ ಯಾವ ಹಾನಿಯೂ ಇಲ್ಲ. ಆದರೆ ಇದನ್ನು ಕೇಳದಿದ್ದ ರೋಗಿಯು ಮಾರನೆಯ ಬೆಳಿಗ್ಗೆ ಬಯಲಿಗೆ ಹೋದಾಗ ರಕ್ತವೇ ಹೋಗುತ್ತದೆಂದು ಹೆದರಿ ಮಾತ್ರೆಗಳನ್ನು ಬಾವಿಗೆ ಎಸೆದರೆ, ಅವನನ್ನು ದೂರುವವರಾರು? ಎರಡು ಮಾತುಗಳಲ್ಲಿ ಮುಗಿಯುತ್ತಿದ್ದ ಎಚ್ಚರಿಕೆಯನ್ನು ಹೇಳದೆ ಹೋದದ್ದರಿಂದ ಒಂದು ಜೀವವು ಹೋಗಬಹುದು. ಕುಷ್ಠರೋಗದ ಔಷಧಗಳಲ್ಲಿಯೂ ಹೀಗೆಯೇ. 1981ರಿಂದ ಆ ರೋಗಕ್ಕೆ ಹಲವು ಮದ್ದುಗಳನ್ನು ಕೂಡಿಸಿ ಕೊಡುವ ಕ್ರಮವು ಬಂದು ಲೋಕದಲ್ಲೆಲ್ಲಾ ಅಸಂಖ್ಯ ಜನರು ಗುಣಹೊಂದಿದ್ದಾರೆ. ಆದರೆ ಅದರಲ್ಲಿಯ ಕ್ಲೊಫಾಜಿಮಿನ್ ಎಂಬದು ಮೈಬಣ್ಣವನ್ನು ಕಪ್ಪಾಗಿಸುವದು. ಔಷಧವು ಮುಗಿದ ಮೇಲೆ ಕೆಲವು ತಿಂಗಳುಗಳಲ್ಲಿ ಬಣ್ಣವು ಮೆಲ್ಲಗೆ ತಿರಿಗಿ ಬರುವದು. ಮದುವೆಯ ವಯಸ್ಸಿನ ಹುಡುಗಿಗೆ ಇದನ್ನು ಮೊದಲೇ ತಿಳಿಸದಿದ್ದರೆ ಅವಳು ಎರಡನೆಯ ತಿಂಗಳು ಬರಲಾರಳು. ಯಾವ ತೊಂದರೆಯು ಅಲ್ಪವಾದದ್ದು, ಯಾವದು ದೊಡ್ಡದು ಎಂಬದನ್ನೂ ಬೇರೆ ಬೇರೆಯಾಗಿ ತಿಳಿಸಬೇಕು. ಕೆಂಪು ಮೂತ್ರಕ್ಕೆ ಹೆದರಬಾರದು. ಆದರೆ ಕಣ್ಣು ಹಳದಿಯಾದರೆ, ವಾಂತಿಯು ನಿಲ್ಲದಿದ್ದರೆ, ದೃಷ್ಟಿಯು ಮಂಜಾದರೆ ಆ ದಿವಸವೇ ದವಾಖಾನೆಗೆ ಬರಬೇಕು.

ಹೇಳಿದರೆ ಮಾತ್ರ ಸಾಲದು; ಕೇಳಿದವನಿಂದ ತಿರಿಗಿ ಹೇಳಿಸಬೇಕು. ತಿಳಿಯಿತೋ ಎಂದು ಕೇಳಿದರೆ ನಮ್ಮ ಜನರು ಯಾವಾಗಲೂ ತಿಳಿಯಿತು ಎಂದೇ ಹೇಳುವರು. ದೊಡ್ಡವರ ಮುಂದೆ ತಿಳಿಯಲಿಲ್ಲವೆಂದು ಹೇಳುವದು ಮರ್ಯಾದೆಯಲ್ಲವೆಂಬದು ಅವರ ಅಭಿಪ್ರಾಯ. ಆದದರಿಂದ, ಮನೆಗೆ ಹೋಗಿ ನಿಮ್ಮ ಹೆಂಡತಿಗೆ ಇದನ್ನು ಹೇಗೆ ಹೇಳುವಿರಿ, ನನಗೆ ಒಮ್ಮೆ ಹೇಳಿ ತೋರಿಸಿರಿ ಎಂದು ಕೇಳುವದು ಒಳ್ಳೇದು. ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ನಾವು ಮಾಡುವದು ಇದೇ.

ತರುವಾಯ ಹೊಟ್ಟೆಯ ವಿಚಾರ. ಹಸಿದವನಿಗೆ ಮಾತ್ರೆಯು ಹಿಡಿಸದು. ಝಾರ್ಖಂಡ ಪ್ರಾಂತ್ಯದಲ್ಲಿ ಕ್ಷಯರೋಗಿಗಳಿಗೂ ಅವರ ಮನೆಯವರಿಗೂ ಪ್ರತಿತಿಂಗಳು ಧಾನ್ಯಗಳನ್ನು ಕೊಟ್ಟು ಶೋಧಿಸಿದವರು 2023ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಆಹಾರವನ್ನು ಪಡೆದ ಮನೆಯವರಲ್ಲಿ ಹೊಸದಾಗಿ ಕ್ಷಯವು ಹುಟ್ಟುವದು ನೂರಕ್ಕೆ 39ರಷ್ಟು ಕಡಿಮೆಯಾಯಿತು. ಮೊದಲಿನ ಎರಡು ತಿಂಗಳಲ್ಲಿ ತೂಕವು ಹೆಚ್ಚಿದ ರೋಗಿಗಳಲ್ಲಿ ಮರಣವೂ ಕಡಿಮೆಯಾಗಿತ್ತು. ಸರಕಾರದವರು 2018ರಿಂದ ಕ್ಷಯರೋಗಿಗೆ ಆಹಾರದ ನಿಮಿತ್ತ ತಿಂಗಳಿಗೆ 500 ರೂಪಾಯಿಗಳನ್ನು ಕೊಡಲು ತೊಡಗಿ 2024ರ ನವೆಂಬರ ತಿಂಗಳಿಂದ ಅದನ್ನು 1000 ರೂಪಾಯಿಗೆ ಏರಿಸಿದ್ದಾರೆ. ಈ ಹಣವು ಬ್ಯಾಂಕಿನ ಲೆಕ್ಕಕ್ಕೆ ಬರುವದು. ಲೆಕ್ಕವಿಲ್ಲದ ಮುದುಕಿಗೆ ಅದನ್ನು ತೆರೆಸಿಕೊಡುವದಕ್ಕೆ ವೈದ್ಯಶಾಸ್ತ್ರವು ಬೇಡ. ಅರ್ಧ ದಿವಸದ ಬಿಡುವೂ ಒಂದು ಜೊತೆ ಚಪ್ಪಲಿಯೂ ಸಾಕು.

ದಾರಿಯ ವಿಚಾರವೂ ಇದೇ ತರಹದ್ದು. 1997ರಿಂದ ಸರಕಾರದವರು ನಡಿಸಿದ ಪದ್ಧತಿಯಲ್ಲಿ ವಾರಕ್ಕೆ ಮೂರು ದಿನ ಔಷಧವನ್ನು ಮತ್ತೊಬ್ಬರ ಕಣ್ಣೆದುರಿಗೆ ನುಂಗಬೇಕಾಗಿತ್ತು. 2017ರಲ್ಲಿ ಪ್ರತಿದಿನದ ಔಷಧವು ಬಂದಿತು. ಕಣ್ಣೆದುರಿಗೆ ನುಂಗಿಸುವದರಿಂದ ಅನೇಕರು ಗುಣಹೊಂದಿದ್ದು ನಿಜ. ಆದರೆ ನುಂಗಿಸುವವರು ಆರು ಮೈಲಿ ದೂರದಲ್ಲಿದ್ದು ರೋಗಿಯು ಕೂಲಿಯನ್ನು ಬಿಟ್ಟು ಬಸ್ಸಿಗೆ ಹಣ ಕೊಟ್ಟು ಹೋಗಬೇಕಾದರೆ ಅದು ಸಹಾಯವಲ್ಲ, ಹಾಜರಿಯ ಪಟ್ಟಿ. ಪಕ್ಕದ ಮನೆಯ ಒಬ್ಬ ನಂಬಿಗಸ್ತನು, ಸಭೆಯ ಒಬ್ಬ ತಾಯಿ, ದೀಪವನ್ನು ಹಚ್ಚುವ ಹೊತ್ತಿಗೆ ಬಂದು ಎರಡು ಮಾತಾಡಿ ಮಾತ್ರೆಯನ್ನು ನುಂಗಿಸಿ ಹೋದರೆ ಅದು ಬೇರೆ ಮಾತು. ಒಂದೇ ಕೆಲಸವು ಕಾವಲುಗಾರನಿಂದ ಆದರೆ ಅಪಮಾನ, ಸ್ನೇಹಿತನಿಂದ ಆದರೆ ಬಲ.

ಎಲ್ಲಕ್ಕಿಂತ ಹೆಚ್ಚಾಗಿ ನಾವು ಹೇಳಬೇಕಾದದ್ದು, ಬಿಟ್ಟುಹೋಗಿ ತಿರಿಗಿ ಬಂದವನ ವಿಷಯ. ನಮ್ಮ ಸೀಮೆಯ ಒಬ್ಬ ನೇಕಾರನು ಮೂರನೆಯ ತಿಂಗಳಲ್ಲಿ ಮಾತ್ರೆಗಳನ್ನು ಬಿಟ್ಟನು. ಕೆಲವು ತಿಂಗಳ ತರುವಾಯ ಕೆಮ್ಮು ತಿರಿಗಿ ಬರಲಾಗಿ ನಾಚಿಕೆಯಿಂದಲೇ ಒಂದು ದವಾಖಾನೆಗೆ ಹೋದನು. ಅಲ್ಲಿ ಕಿಟಕಿಯ ಬಳಿ ಇದ್ದವನು ಸಾಲಿನಲ್ಲಿ ನಿಂತಿದ್ದವರೆಲ್ಲರೂ ಕೇಳುವ ಹಾಗೆ ಅವನ ಹಳೇ ಚೀಟಿಯನ್ನು ಓದಿ, ಸರಕಾರದ ಔಷಧವನ್ನು ಹಾಳುಮಾಡಿದವನು ಇವನೇ ಎಂದು ಹೇಳಿದನು. ನೇಕಾರನು ಚೀಟಿಯನ್ನು ಅಲ್ಲಿಯೇ ಬಿಟ್ಟು ಮನೆಗೆ ಬಂದನು. ಮುಂದಿನ ನಾಲ್ಕು ತಿಂಗಳು ಅವನು ಯಾವ ವೈದ್ಯನ ಮುಖವನ್ನೂ ನೋಡಲಿಲ್ಲ. ಅಷ್ಟರಲ್ಲಿ ಅವನ ಚಿಕ್ಕ ಮಗಳಿಗೂ ರೋಗವು ಹತ್ತಿತು. ಕಡೆಗೆ ನಾವು ಅವನನ್ನೂ ಮಗಳನ್ನೂ ಕರಕೊಂಡು ಬೇರೊಂದು ಊರಿಗೆ ಹೋದೆವು. ಅಲ್ಲಿಯ ದಾದಿಯು ಅವರನ್ನು ಕೂಡ್ರಿಸಿ ಮೊದಲು ಕೇಳಿದ್ದು, ಇಷ್ಟು ದೂರ ಬಂದಿರಲ್ಲಾ, ಊಟವಾಯಿತೇ ಎಂಬದು. ಆಮೇಲೆ, ಆ ಮೂರನೆಯ ತಿಂಗಳಲ್ಲಿ ನಿಮಗೆ ಏನು ಕಷ್ಟವಾಗಿತ್ತು ಎಂದು ಕೇಳಿದಳು. ಅವನು ಹೇಳಿದ ಉತ್ತರವು ಬಹು ಸಣ್ಣದು. ಬರೀ ಹೊಟ್ಟೆಯಲ್ಲಿ ಮಾತ್ರೆಗಳನ್ನು ನುಂಗಿದರೆ ಮಧ್ಯಾಹ್ನದ ಪರಿಯಂತರ ಓಕರಿಕೆ ಬಂದು ಮಗ್ಗದ ಮೇಲೆ ಕೂತುಕೊಳ್ಳಲಾಗದೆ ಇತ್ತು. ಮಗ್ಗದ ಮೇಲೆ ಕೂತುಕೊಳ್ಳದಿದ್ದರೆ ಸಂಜೆಗೆ ಅಕ್ಕಿ ಇಲ್ಲ. ದಾದಿಯು ಡಾಕ್ಟರರನ್ನು ಕೇಳಿ ಬಂದು, ಸ್ವಲ್ಪ ಗಂಜಿ ಕುಡಿದು ರಾತ್ರಿ ಮಲಗುವ ಮುಂಚೆ ನುಂಗಿರಿ ಎಂದಳು. ಅಷ್ಟೇ. ತಂದೆಯೂ ಮಗಳೂ ಔಷಧವನ್ನು ಪೂರ್ತಿಯಾಗಿ ಮುಗಿಸಿದರು.

ಓಡಿಹೋದ ಮಗನು ತಿರಿಗಿ ಬರುವಾಗ ದಾರಿಯಲ್ಲಿ ಅರಿಕೆಯ ಮಾತುಗಳನ್ನು ಸಿದ್ಧಮಾಡಿಕೊಂಡು ಬಂದನು. ತಂದೆಯು ಅದನ್ನು ಪೂರಾ ಕೇಳುವದಕ್ಕೂ ನಿಲ್ಲದೆ ನಿಲುವಂಗಿಯನ್ನು ತರಿಸಿದನು. ಲೆಕ್ಕವನ್ನು ಕೇಳುವ ಕೆಲಸವನ್ನು ಅಣ್ಣನು ವಹಿಸಿಕೊಂಡನು. ಔಷಧವನ್ನು ಕೊಡುವ ಕಿಟಕಿಗಳಲ್ಲಿ ಅಣ್ಣಂದಿರು ಬಹಳ ಮಂದಿ ಇದ್ದಾರೆ. ತಿರಿಗಿ ಬಂದವನನ್ನು ಬೈದು ಇನ್ನೊಬ್ಬನಿಗೆ ಬುದ್ಧಿ ಬರಿಸುವೆನೆಂದು ನೆನಸುವವನು, ತಿರಿಗಿ ಬರಬಾರದೆಂಬ ಬುದ್ಧಿಯನ್ನೇ ಎಲ್ಲರಿಗೂ ಕಲಿಸುತ್ತಾನೆ.

ಇಲ್ಲಿ ಒಂದು ಕಠಿಣವಾದ ಪ್ರಶ್ನೆಯು ಎದುರಾಗುವದು. ಒಳ್ಳೇ ಮಾತಿಗೆ ಕೇಳದವನನ್ನು ಹೆದರಿಸಬಹುದೋ? ಸುಳ್ಳು ಹೇಳಿಯಾದರೂ ನುಂಗಿಸಬಹುದೋ? ಪಡಿತರದ ಅಕ್ಕಿಯನ್ನು ತಪ್ಪಿಸುತ್ತೇವೆಂದು ಬೆದರಿಸಬಹುದೋ? ಕಾರ್ಯವು ಒಳ್ಳೇದಾದರೆ ದಾರಿಯನ್ನು ನೋಡಬಾರದೆಂದು ಕೆಲವರು ಹೇಳುವರು. ನಾವು ಒಪ್ಪುವದಿಲ್ಲ. ಸತ್ಯವಾದ ಅಪಾಯವನ್ನು ಸತ್ಯವಾಗಿ ಹೇಳುವದು ಹೆದರಿಸುವದಲ್ಲ. ಬಿಟ್ಟರೆ ಮಕ್ಕಳಿಗೆ ಹತ್ತುವದು, ಮದ್ದಿಗೆ ಬಗ್ಗದ ರೋಗವಾಗಬಹುದು ಎಂದು ಸ್ಪಷ್ಟವಾಗಿ ಹೇಳತಕ್ಕದ್ದೇ. ಆದರೆ ಇಲ್ಲದ್ದನ್ನು ಕೂಡಿಸಿ ಹೇಳಿದವನ ಗುಟ್ಟು ಒಂದು ದಿನ ಹೊರಡುವದು. ಆ ಮೇಲೆ ಅವನು ಹೇಳುವ ಸತ್ಯವನ್ನೂ ಯಾರೂ ನಂಬರು, ಅವನ ತರುವಾಯ ಬರುವ ವೈದ್ಯನನ್ನೂ ನಂಬರು. ಹಿಟ್ಟಿನಲ್ಲಿ ಮರೆಮಾಡಿ ಮದ್ದನ್ನು ತಿನ್ನಿಸುವದೂ ಹೀಗೆಯೇ; ಒಂದು ಮಾತ್ರೆಯು ಒಳಗೆ ಹೋಗುವದು, ಆರು ತಿಂಗಳಿನ ವಿಶ್ವಾಸವು ಹೊರಗೆ ಹೋಗುವದು. ಹಸಿದವನ ಅಕ್ಕಿಯನ್ನು ಹಿಡಿದು ಎಳೆಯುವದು ಸರ್ವಥಾ ಕೂಡದು. ಅನ್ಯರಿಗೆ ಸೋಂಕುವ ರೋಗದಲ್ಲಿ ನೆರೆಯವರ ಪ್ರಾಣವೂ ತೂಗಬೇಕಾದದ್ದು ನಿಜ. ಆದಕಾರಣ ಕೆಮ್ಮುವವನು ಬಾಯಿ ಮುಚ್ಚಿಕೊಳ್ಳಬೇಕು, ಗಾಳಿಯಾಡುವ ಸ್ಥಳದಲ್ಲಿ ಮಲಗಬೇಕು, ಮನೆಯವರೆಲ್ಲರೂ ಪರೀಕ್ಷಿಸಿಕೊಳ್ಳಬೇಕು ಎಂದು ದೃಢವಾಗಿ ಕೇಳುವ ಹಕ್ಕು ನಮಗುಂಟು. ದೃಢತೆ ಬೇರೆ, ಬಲಾತ್ಕಾರ ಬೇರೆ. ಬೇತ್ಸಥ ಕೊಳದ ಬಳಿಯಲ್ಲಿ ಮೂವತ್ತೆಂಟು ವರುಷ ಬಿದ್ದಿದ್ದವನನ್ನು ಕರ್ತನು ಕಂಡಾಗ, ಗುಣಹೊಂದಲು ನಿನಗೆ ಮನಸ್ಸುಂಟೋ ಎಂದು ಮೊದಲು ಕೇಳಿದನು. ಕೇಳದೆಯೇ ಗುಣಮಾಡುವ ಅಧಿಕಾರವು ಆತನಿಗಿತ್ತು.

ನಮ್ಮ ಸಭೆಗಳಲ್ಲಿ ಕಂಡುಬರುವ ಇನ್ನೊಂದು ತೊಂದರೆಯನ್ನು ಮುಚ್ಚಿಡುವದು ಸರಿಯಲ್ಲ. ಕೆಲವು ಪ್ರಾರ್ಥನಾ ಕೂಟಗಳಲ್ಲಿ, ದೇವರು ನಿನ್ನನ್ನು ಗುಣಮಾಡಿದ್ದಾನೆ, ಇನ್ನು ಮಾತ್ರೆಯನ್ನು ನುಂಗುವದು ಅಪನಂಬಿಕೆ ಎಂದು ಬೋಧಿಸುವವರು ಇದ್ದಾರೆ. ಎರಡನೆಯ ತಿಂಗಳಲ್ಲಿ ಜ್ವರವು ಬಿಟ್ಟಿರುವ ರೋಗಿಗೆ ಈ ಮಾತು ಬಹು ಸಿಹಿಯಾಗಿರುವದು. ಮೈ ಹಗುರಾಗಿದೆ, ಬೋಧಕನೂ ಹೇಳುತ್ತಾನೆ. ಇಂಥವರು ಯೆಶಾಯನ 38ನೇ ಅಧ್ಯಾಯವನ್ನು ತೆರೆದು ನೋಡಲಿ. ಹಿಜ್ಕೀಯ ಅರಸನಿಗೆ ಇನ್ನು ಹದಿನೈದು ವರುಷ ಆಯುಷ್ಯವನ್ನು ಕೊಡುವೆನೆಂಬ ವಾಗ್ದಾನವು ದೇವರ ಬಾಯಿಂದಲೇ ಬಂದಿತ್ತು. ಆದರೂ ಅಂಜೂರದ ಹಣ್ಣಿನ ಪಟ್ಟಿಯನ್ನು ಹುಣ್ಣಿಗೆ ಕಟ್ಟಬೇಕೆಂದು ಆ ವಾಗ್ದಾನವನ್ನು ತಂದ ಪ್ರವಾದಿಯೇ ಹೇಳಿದನು. ವಾಗ್ದಾನವಿದ್ದ ಅರಸನಿಗೆ ಪಟ್ಟಿಯು ಬೇಕಾದರೆ ನಮಗೆ ಮಾತ್ರೆಯು ಬೇಡವೋ? ಪ್ರಾರ್ಥನೆಯನ್ನು ಬಿಡಬೇಕೆಂದು ನಾವು ಹೇಳುವದಿಲ್ಲ. ಮಾತ್ರೆಯನ್ನು ಕೈಯಲ್ಲಿ ಹಿಡಿದೇ ಪ್ರಾರ್ಥಿಸಬೇಕೆಂದು ಹೇಳುತ್ತೇವೆ. ಔಷಧವನ್ನು ಎಸೆಯಲು ಹೇಳುವ ಬೋಧಕನು, ರೋಗವು ತಿರಿಗಿ ಬಂದಾಗ ಆ ಊರಲ್ಲಿರುವದಿಲ್ಲ. ಹೂಣುವದಕ್ಕೆ ಕರೆಯಲ್ಪಡುವವರು ನಾವು. ಈ ಮಾತು ಕಟುವಾಗಿ ಕಂಡರೂ ಅಳಿಸುವದಿಲ್ಲ.

ಸಭೆಯ ಬೇರೆ ಕರ್ತವ್ಯಗಳನ್ನು ಕುರಿತು ಸ್ವಲ್ಪದರಲ್ಲಿ ಹೇಳುತ್ತೇವೆ. ರೋಗಿಯ ಅಪ್ಪಣೆಯಿಲ್ಲದೆ ಅವನ ರೋಗದ ಹೆಸರನ್ನು ಭಾನುವಾರದ ಪ್ರಾರ್ಥನೆಯಲ್ಲಿ ಎತ್ತಬಾರದು. ದೇವರಿಗೆ ಗೊತ್ತಿರುವದನ್ನು ಊರಿಗೆ ತಿಳಿಸುವ ಪ್ರಾರ್ಥನೆಯು ಪ್ರಾರ್ಥನೆಯಲ್ಲ. ಇದರಿಂದ ಎಷ್ಟೋ ಹೆಣ್ಣುಮಕ್ಕಳು ಔಷಧದ ಚೀಲವನ್ನು ಅತ್ತೆಯ ಕಣ್ಣಿಗೆ ಮರೆಮಾಡಿ ಕಡೆಗೆ ಬಿಟ್ಟೇಬಿಡುತ್ತಾರೆ. ಕ್ಷಯವು ತಟ್ಟೆ ಲೋಟಗಳಿಂದ, ಬಟ್ಟೆಯಿಂದ, ಕೈಹಿಡಿಯುವದರಿಂದ ಹತ್ತುವದಿಲ್ಲ. ಔಷಧವನ್ನು ಪಡೆಯದವನ ಕೆಮ್ಮಿನ ಗಾಳಿಯಿಂದ ಹತ್ತುವದು. ತಕ್ಕ ಔಷಧವನ್ನು ಸರಿಯಾಗಿ ತಕ್ಕೊಳ್ಳಲು ತೊಡಗಿದ ಮೇಲೆ ಕೆಲವು ವಾರಗಳಲ್ಲಿಯೇ ಸಾಮಾನ್ಯವಾಗಿ ಸೋಂಕಿಸುವ ಶಕ್ತಿಯು ಬಹಳ ಮಟ್ಟಿಗೆ ಅಡಗುವದು. ಹೀಗಿದ್ದರೂ ನಾಲ್ಕನೆಯ ತಿಂಗಳಿನ ರೋಗಿಯನ್ನು ಪ್ರೀತಿಭೋಜನದಲ್ಲಿ ಬೇರೆ ಕೂಡ್ರಿಸುವವರು, ಅವನು ಔಷಧವನ್ನು ಬಿಟ್ಟು ಎಲ್ಲರಂತೆ ನಟಿಸುವದಕ್ಕೆ ತಾವೇ ಕಾರಣರಾಗುತ್ತಾರೆ. ಸುಗ್ಗಿಗೋ ಇಟ್ಟಿಗೆಯ ಭಟ್ಟಿಗೋ ಊರು ಬಿಟ್ಟು ಹೋಗುವವರ ವಿಷಯದಲ್ಲಿ ಹಿರಿಯರು ಎಚ್ಚರವಾಗಿರಬೇಕು. ಹೋಗುವ ಮುಂಚೆ ದವಾಖಾನೆಗೆ ತಿಳಿಸಿದರೆ ಹೋದ ಊರಲ್ಲಿಯೇ ಔಷಧವು ದೊರೆಯುವಂತೆ ಏರ್ಪಾಡು ಮಾಡುವರು. ಸರಕಾರದ ಲೆಕ್ಕವು ಈಗ ದೇಶಕ್ಕೆಲ್ಲಾ ಒಂದೇ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ತಪ್ಪು ಯಾರದು? ಎಲ್ಲವನ್ನೂ ತಿಳಿದು, ಹೊಟ್ಟೆಗೆ ಇದ್ದು, ದಾರಿಯು ಹತ್ತಿರವಿದ್ದು, ಪ್ರೀತಿಯುಳ್ಳವರು ಪಕ್ಕದಲ್ಲಿದ್ದೂ ಬಿಡುವವನ ತಪ್ಪು ಅವನದೇ. ಅವನು ದೇವರಿಗೂ ತನ್ನ ಮಕ್ಕಳಿಗೂ ಉತ್ತರ ಕೊಡತಕ್ಕವನು. ಅಂಥವರೂ ಇದ್ದಾರೆ, ಹೆಂಡದ ಅಂಗಡಿಗೆ ಹೋಗಲು ಕಾಲು ಇದ್ದು ದವಾಖಾನೆಗೆ ಹೋಗಲು ಕಾಲಿಲ್ಲದವರನ್ನು ನಾವು ಬಲ್ಲೆವು. ಆದರೆ ಇವುಗಳಲ್ಲಿ ಒಂದೊಂದು ತಪ್ಪಿದ ಹಾಗೆ ತಪ್ಪಿನ ಒಂದೊಂದು ಪಾಲು ಅವನಿಂದ ನಮ್ಮ ಕಡೆಗೆ ಬರುವದು. ತಿಳಿಸದೆ ಇದ್ದ ವೈದ್ಯನಿಗೆ ಒಂದು ಪಾಲು, ಕಿಟಕಿಯಲ್ಲಿ ಬೈದವನಿಗೆ ಒಂದು, ಪಂಕ್ತಿಯಿಂದ ಎಬ್ಬಿಸಿದ ಸಭೆಗೆ ಒಂದು. ಕಡೆಗೆ ರೋಗಿಯ ಕೈಯಲ್ಲಿ ಉಳಿಯುವ ಪಾಲು ಬಹಳ ಸಾರಿ ಚಿಕ್ಕದೇ.

ಎಲ್ಲವನ್ನೂ ಮಾಡಿದ ಮೇಲೂ ಒಲ್ಲೆನೆಂದು ಮುಖ ತಿರುಗಿಸುವವನಿಗೆ ಏನು ಮಾಡುವದೆಂದು ಒಬ್ಬ ದಾದಿಯು ನಮ್ಮನ್ನು ಕೇಳಿದಳು. ಅವಳು ಆಗಲೇ ಮೂರು ಸಾರಿ ಆ ಮನೆಗೆ ಹೋಗಿದ್ದಳು. ಮೂರನೆಯ ಸಾರಿ ಅವನು ಬಾಗಲನ್ನು ಹಾಕಿಕೊಂಡನು. ಸಂತೆಯ ದಿವಸ ಆ ದಾರಿಯಲ್ಲಿಯೇ ಹೋಗುತ್ತೀಯಲ್ಲವೋ ಎಂದು ನಾವು ಕೇಳಿದೆವು. ಹೌದೆಂದಳು. ಈಗ ಅವಳು ಸಂತೆಗೆ ಹೋಗುವಾಗ ಬಾಗಲಲ್ಲಿ ನಿಂತು ಮಕ್ಕಳು ಹೇಗಿದ್ದಾರೆಂದು ಕೇಳಿ ಹೋಗುತ್ತಾಳೆ. ಮಾತ್ರೆಯ ಮಾತನ್ನು ಎತ್ತುವದಿಲ್ಲ. ಕಳೆದ ವಾರ ಅವನ ಹೆಂಡತಿಯು ಒಳಗಿಂದ ಒಂದು ಮಣೆಯನ್ನು ತಂದು ಹಾಕಿದಳಂತೆ.